ಜರಿ ಅಂಚಿನ ಕ್ರಿಸ್ಮಸ್ ತಾತ

ಮೊಳಕಾಲ್ಮೂರಿಗೆ ಕ್ರಿಸ್ಮಸ್ ತಾತ ಆಕಾಶದಿಂದ ಇಳಿದು ಬಂದವನಲ್ಲ, ಚಳ್ಳಕೆರೆ ಕಡೆಯಿಂದ ಬಂದವನು. ಮೊದಲು ಅಲ್ಲಿನ ಬೇಕರಿಯೊಂದರ ಗಾಜಿನ ಹಿಂದೆ ಪ್ಲಾಸ್ಟಿಕ್ ಗೊಂಬೆಯಾಗಿ ನಿಂತ. ಆಮೇಲೆ ಟೀವಿಯಲ್ಲಿ ಕುಣಿದು ಕುಣಿದು ಮೊಬೈಲ್ ಮಾರಿದ. ಕುದಾಪುರದ ಹುಲ್ಲುಗಾವಲಿನಲ್ಲಿ ವಿಜ್ಞಾನಿಗಳ ಕ್ಯಾಂಪಸ್ಸುಗಳೆದ್ದು, ಅವರ ಮಕ್ಕಳು ಚಳ್ಳಕೆರೆಯ ಶಾಲೆಗೆ ಬರತೊಡಗಿದ ಮೇಲೆ ವೇದಿಕೆ ಹತ್ತಿದ. ಚಳ್ಳಕೆರೆಯವರು ಕುಣಿದ ಮೇಲೆ ನಾವು ಸುಮ್ಮನಿದ್ದರೆ ಮಾನ ಉಳಿಯುವುದುಂಟೇ? ಸೀರೆ ವ್ಯಾಪಾರಿ ವಿಶ್ವನಾಥ್ ತಮ್ಮ ಇಂಗ್ಲಿಷ್ ಶಾಲೆಗೂ ಒಬ್ಬ ತಾತ ಬೇಕೇ ಬೇಕೆಂದು ಹಟ ಹಿಡಿದರು.

ಸಿಕ್ಕಿದ್ದು ಬಾಬು ಸಾಬರು. ಊರಿನ ಬೈಕುಗಳನ್ನೆಲ್ಲ ರಿಪೇರಿ ಮಾಡುವವರು. ಗಡ್ಡ ಆಗಲೇ ಬೆಳ್ಳಗಿತ್ತು, ಹೊಟ್ಟೆಯನ್ನು ದಿಂಬು ಕಟ್ಟಿ ಮಾಡಿಕೊಳ್ಳಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅವರ ಗ್ಯಾರೇಜಿನ ಶೆಡ್ ವಿಶ್ವನಾಥರದಾಗಿತ್ತು. ಒಲ್ಲೆ ಎನ್ನುವ ಬಾಯಿ ಬಾಬು ಸಾಬರಿಗೆ ಇರಲಿಲ್ಲ.

ವೇಷದ ಕಥೆ ಕೇಳಿ. ವಿಶ್ವನಾಥರ ಅಂಗಡಿಯಲ್ಲಿ ನೇಯ್ಗೆ ಕೆಟ್ಟು ಮೂಲೆ ಸೇರಿದ್ದ ಕೆಂಪು ರೇಷ್ಮೆ ಸೀರೆಯೊಂದನ್ನು ದರ್ಜಿಗೆ ಕೊಟ್ಟರು. ಜರಿಯಂಚು ಕತ್ತರಿಸಲು ಮಾತ್ರ ವ್ಯಾಪಾರಿಯ ಜೀವ ಒಪ್ಪಲಿಲ್ಲ. ಹಾಗಾಗಿ ನಮ್ಮ ತಾತನ ನಿಲುವಂಗಿಯ ಸುತ್ತ ಸಾಲು ಸಾಲು ನವಿಲು. ಪ್ರತಿ ವರ್ಷ ಟೀಚರು 'ಹಿಮದ ನಾಡಿನಿಂದ ಬಂದಿದ್ದಾರೆ' ಎಂದು ಮೈಕಿನಲ್ಲಿ ಕೂಗುವಾಗ ಬಾಬು ಸಾಬರು ಗಡ್ಡ ಬಿಟ್ಟ ಮದುವಣಗಿತ್ತಿಯಂತೆ ಬೆವರುತ್ತ ನಿಂತಿರುತ್ತಿದ್ದರು.

"ಹಿಮ ಅಂತೆ ಹಿಮ! ಫ್ಯಾನ್ ಆದ್ರೂ ಹಾಕಿ ಅಂತ ಹೇಳ್ರಿ ಮೊದ್ಲು," ಎಂದು ಗೊಣಗುತ್ತಿದ್ದರು.

ಅವರಿಗೆ ಮೈ ಉರಿಯುತ್ತಿದ್ದುದು ಸೆಕೆಗಲ್ಲ, ಚೀಲಕ್ಕೆ. ತಾತ ಕೊಡುವ ಉಡುಗೊರೆಗಳನ್ನೆಲ್ಲ ಅಪ್ಪ ಅಮ್ಮಂದಿರೇ ಕೊಂಡು, ಮಗುವಿನ ಹೆಸರು ಬರೆದು, ಗುಟ್ಟಾಗಿ ಶಾಲೆಗೆ ಮುಟ್ಟಿಸಬೇಕು. ಅಂಗಡಿಯವರ ಮಗನಿಗೆ ಸೈಕಲ್ಲು, ಮಗ್ಗದವರ ಮಗಳಿಗೆ ಪೆನ್ಸಿಲ್ಲು. ಜಗತ್ತಿನ ಮಕ್ಕಳೆಲ್ಲ ಒಂದೇ ಎನ್ನುವ ಈ ತಾತನಿಗೆ ಯಾರ ಅಪ್ಪನ ಜೇಬು ಎಷ್ಟು ಆಳವೆಂದು ಚೆನ್ನಾಗಿ ಗೊತ್ತಿತ್ತು. ಥೂ, ಇಂಥ ತಾತನ ಕೆಲಸಕ್ಕಿಂತ ಗ್ರೀಸ್ ಬಳಿಯುವುದೇ ಮರ್ಯಾದೆ ಎನಿಸುತ್ತಿತ್ತು ಅವರಿಗೆ.

ಕಳೆದ ಡಿಸೆಂಬರಿನಲ್ಲಿ ಮಂಗಳಗೌರಿ ಎಂಬ ಒಂದನೇ ತರಗತಿಯ ಹುಡುಗಿಯ ಸರದಿ ಬಂತು. ಅವಳ ತಾಯಿ ನಿರ್ಮಲಾ ಮನೆಯಲ್ಲೇ ಮಗ್ಗ ಹಾಕಿಕೊಂಡವಳು, ಮಗಳನ್ನು ಆ ವರ್ಷವಷ್ಟೇ ಸೇರಿಸಿದ್ದಳು. ಬಾಬು ಸಾಬರು ಅವಳ ಹೆಸರಿನ ಪೊಟ್ಟಣ ತೆಗೆದು ಕೊಟ್ಟರು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿ ಅವರಿಗೇ ಕೊಟ್ಟಳು.

"ಇದು ನಿಮಗೆ ತಾತ. ಅವ್ವ ನೇಯ್ದಿದ್ದು."

ಬಿಚ್ಚಿದರೆ ಹೊಚ್ಚ ಹೊಸ ರೇಷ್ಮೆ ಶಲ್ಯ! ಹೆಸರು ಬರೆದು ಉಡುಗೊರೆ ಕಳಿಸಿ ಎಂದು ಟೀಚರು ಹೇಳಿದ್ದನ್ನು ನಿರ್ಮಲಾ ತನ್ನ ಮನೆಯ ರೀತಿಯಲ್ಲೇ ತಿಳಿದಿದ್ದಳು. ಮಗುವನ್ನು ಹರಸಲು ದೂರದಿಂದ ಹಿರಿಯರೊಬ್ಬರು ಬರುತ್ತಾರೆ, ಬಟ್ಟೆ ಕೊಟ್ಟು ಮರ್ಯಾದೆ ಮಾಡಬೇಕು, ಅಷ್ಟೇ. ತಾತ ಮಗುವಿಗೆ ಕೊಡುವ ಉಡುಗೊರೆಯನ್ನೂ ತಾನೇ ಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮರ್ಯಾದಸ್ಥರಿಗೆ ಅದು ಹೊಳೆಯುವುದಾದರೂ ಹೇಗೆ?

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಬು ಸಾಬರು ಶಲ್ಯವನ್ನು ಹೆಗಲಿಗೆ ಹೊದ್ದುಕೊಂಡರು. ಹುಡುಗಿ ಇಳಿಯಲಿಲ್ಲ. ಕೈ ಚಾಚಿದಳು.

"ಈಗ ನಂದು ಕೊಡಿ."

ಚಪ್ಪಾಳೆ ನಿಂತಿತು. ಚೀಲದಲ್ಲಿ ಉಳಿದ ಪೊಟ್ಟಣಗಳ ಮೇಲೆಲ್ಲ ಬೇರೆಯವರ ಹೆಸರಿತ್ತು. ಕೆಳಗೆ ಕುಳಿತಿದ್ದ ನಿರ್ಮಲಾಗೆ ಆಗ ಅರ್ಥವಾಯಿತು, ಮುಖಕ್ಕೆ ಸೆರಗು ಒತ್ತಿಕೊಂಡಳು.

"ಮುಂದಿನ ಮಗು ಕರೀರಿ," ಎಂದು ವಿಶ್ವನಾಥ್ ಹಲ್ಲು ಕಚ್ಚಿದರು.

ಬಾಬು ಸಾಬರು ಚೀಲಕ್ಕೆ ಕೈ ಹಾಕಿ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆ ಎಳೆದರು. ಅದು ವಿಶ್ವನಾಥರ ಮೊಮ್ಮಗನದು. ಹೆಸರಿನ ಚೀಟಿ ಕಿತ್ತು ಹುಡುಗಿಯ ತೋಳಿಗೆ ತುಂಬಿದರು. ಮೊಮ್ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ.

"ಲೇ ಬಾಬು, ಏನ್ ಮಾಡ್ತಿದೀಯಾ?" ಎಂದು ವಿಶ್ವನಾಥ್ ಕೂಗಿದರು.

"ತಾತ ನಾನಾ, ನೀವಾ?" ಎಂದರು ಬಾಬು ಸಾಬರು, ಮೈಕ್ ಮುಂದೆಯೇ.

ಮಾರನೆಯ ಬೆಳಿಗ್ಗೆ ಶೆಡ್ಡಿಗೆ ಬೇರೆ ಬೀಗ ಬಿದ್ದಿತ್ತು, ಸ್ಪ್ಯಾನರುಗಳು ರಸ್ತೆ ಬದಿಯಲ್ಲಿದ್ದವು. ಹೆಂಡತಿ ಹಲೀಮಾ ಬೀ ಅವನ್ನು ಗೋಣಿಗೆ ತುಂಬುತ್ತ ಸಿಡುಕಿದಳು. "ನಿಮ್ಗೇನು ದಿಮಾಗ್ ಕೆಟ್ಟಿತ್ತಾ? ಒಂದು ಚಾಕ್ಲೇಟ್ ಕೊಟ್ಟಿದ್ರೆ ಸುಮ್ನೆ ಇಳಿದು ಹೋಗ್ತಿತ್ತು ಮಗು."

"ಹೋಗ್ತಿತ್ತು ಕಣೇ," ಎಂದರು ಬಾಬು ಸಾಬರು. "ಅಷ್ಟಕ್ಕೇ ಸುಮ್ನಾಗೋದನ್ನ ಈ ವಯಸ್ಸಿಗೇ ಕಲ್ತುಬಿಡ್ತಿತ್ತು."