ತಣ್ಣಗಾಗುವವರೆಗೆ ಕಾದವರು

ನಮ್ಮ ಆಸ್ಪತ್ರೆಯ ವಾಹನಗಳ ವರ್ಕ್‌ಶಾಪಿನಿಂದ ಈಗ ನಿವೃತ್ತರಾಗುತ್ತಿರುವ ಹಿರಿಯ ಮೇಸ್ತ್ರಿಗಳು ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಎಷ್ಟು ನಿಪುಣರೋ, ಬಿಚ್ಚದೆಯೇ ದೋಷ ಹಿಡಿಯುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಗಾಡಿ ಬಂದೊಡನೆ ಸ್ಪ್ಯಾನರ್ ಹಿಡಿದು ನುಗ್ಗುವವರನ್ನು ಅವರು ತಡೆಯುತ್ತಿದ್ದರು. ಮೊದಲು ಚಾಲಕನ ಮಾತು ಕೇಳಬೇಕು; ಆಯಿಲ್ ಕಡ್ಡಿ ಎಳೆದು ಮಟ್ಟವನ್ನೂ ಬಣ್ಣವನ್ನೂ ನೋಡಬೇಕು; ಬೆಲ್ಟು, ವೈರು, ನೀರಿನ ಪೈಪುಗಳನ್ನು ಕೈಯಾಡಿಸಿ ಪರೀಕ್ಷಿಸಬೇಕು; ಆಮೇಲಷ್ಟೇ ಚಾಲೂ ಮಾಡಿ ಸದ್ದಿಗೆ ಕಿವಿಗೊಡಬೇಕು. ಬಿಸಿ ಎಂಜಿನ್ನಿಗೆ ಯಾರಾದರೂ ಕೈಹಾಕಿದರೆ "ತಣ್ಣಗಾಗಲಿ" ಎನ್ನುತ್ತಿದ್ದರು. ಹೊಸಬರು ಬೆನ್ನ ಹಿಂದೆ ಅವರನ್ನು 'ತಣ್ಣಗಾಗಲಿ ಮೇಸ್ತ್ರಿ' ಎಂದು ಕರೆದು ನಗುತ್ತಿದ್ದರು. ಹಳಬರು ನಗುತ್ತಿರಲಿಲ್ಲ.

ಅವರು ಮೇಸ್ತ್ರಿಯಾದ ಹೊಸತರಲ್ಲಿ, ತುಂಬು ಬಸುರಿ ತಂಗಿಗೆ ರಕ್ತಸ್ರಾವ ಶುರುವಾಯಿತು. ತಮ್ಮದೇ ವರ್ಕ್‌ಶಾಪಿನ ಆಂಬುಲೆನ್ಸಿನಲ್ಲಿ ಅವಳನ್ನು ಕರೆದೊಯ್ಯುವಾಗ ಬಾನೆಟ್ಟಿನಿಂದ ಹಬೆ ಎದ್ದು, ಗಾಡಿ ನಡುದಾರಿಯಲ್ಲಿ ನಿಂತಿತು. ಚಾಲಕ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದಾಗ ಅವರು ಅವನ ಮಣಿಕಟ್ಟು ಹಿಡಿದರು.

"ತೆಗೀಬೇಡ, ಬಿಸಿನೀರು ಮುಖಕ್ಕೆ ಹಾರುತ್ತೆ. ಈಗಲೇ ತಣ್ಣೀರು ಸುರಿದ್ರೆ ಎಂಜಿನ್ನೇ ಬಿರುಕು ಬಿಡುತ್ತೆ."

ಬೇರೆ ಗಾಡಿಗಳಿಗೆ ಕೈಯೊಡ್ಡಿದರು, ಯಾವುದೂ ನಿಲ್ಲಲಿಲ್ಲ.

"ಅಣ್ಣಾ, ಇನ್ನೂ ಆಗ್ಲಿಲ್ವಾ?" ಎಂದಳು ತಂಗಿ ಒಳಗಿನಿಂದ.

"ಆಯ್ತು ಪುಟ್ಟಿ, ಈಗ ಹೊರಟ್ವಿ."

ಎಂಜಿನ್ ತಣಿದ ಮೇಲೆ, ಒಡೆದ ಪೈಪಿಗೆ ಟೇಪು ಸುತ್ತಿ, ನೀರು ತುಂಬಿಸಿ ಹೊರಟರು. ಮಗು ಉಳಿಯಿತು, ತಂಗಿ ಉಳಿಯಲಿಲ್ಲ.

"ನಿನಗೆ ಗೊತ್ತಿರೋ ಕೆಲಸ ತಾನೇ ಮಗಾ, ಯಾಕೆ ತಡ ಆಯ್ತು?" ಎಂದು ತಾಯಿ ಒಂದೇ ಒಂದು ಸಲ ಕೇಳಿದರು. ಮಾಡಿದ್ದೆಲ್ಲ ಸರಿಯೇ ಆಗಿತ್ತು.

ಮತ್ತೆ ಕೆಲಸಕ್ಕೆ ಬಂದಾಗ, ಆ ಗಾಡಿಯನ್ನು ಪರೀಕ್ಷಿಸಿ ಕಳಿಸಿದ್ದ ಮೆಕ್ಯಾನಿಕ್ ತಲೆತಗ್ಗಿಸಿ ಎದುರು ನಿಂತ. "ಪೈಪು ನಾನೇ ನೋಡಿದ್ದೆ ಅಣ್ಣಾ, ಚೆನ್ನಾಗೇ ಕಾಣ್ತಿತ್ತು."

ಅವರು ಅವನ ಕೈ ಹಿಡಿದು, ಅದೇ ಪೈಪಿನ ಅಡಿಭಾಗಕ್ಕೆ ಒತ್ತಿದರು. ರಬ್ಬರು ಅಲ್ಲಿ ಒಣ ತೊಗಟೆಯಂತೆ ಸೀಳಿತ್ತು. "ಮೇಲಿಂದ ನೋಡಿದ್ರೆ ಕಾಣಲ್ಲ. ಇನ್ಮುಂದೆ ಮುಟ್ಟಿ ನೋಡು." ಮೇಲಧಿಕಾರಿ ವಿಚಾರಿಸಿದಾಗ "ರಬ್ಬರು ಹಳೆಯದಾಗಿತ್ತು" ಎಂದಷ್ಟೇ ಹೇಳಿ, ಆ ಸಂಸಾರಸ್ಥನ ಕೆಲಸ ಉಳಿಸಿದರು. ಅವನ ಮೇಲೆ ಸಿಟ್ಟು ಬಂದಿರಲಿಲ್ಲವೆಂದಲ್ಲ. ಬಹಳ ಕಾಲ ಅವನ ಪಕ್ಕದಲ್ಲಿ ಕುಳಿತು ಉಣ್ಣಲು ಅವರಿಂದಾಗಲಿಲ್ಲ.

ತಾಯಿಯಿಲ್ಲದ ಮಗುವನ್ನು ಅವರೇ ಸಾಕಿದರು. ಇಂದು ಉದ್ಯೋಗಸ್ಥೆಯಾಗಿರುವ ಆ ಮಗಳು ಹೇಳುವಂತೆ, ಬೀದಿಯಲ್ಲಿ ಯಾವ ಗಾಡಿ ಕೆಮ್ಮಿ ನಿಂತರೂ ಮಾವ ಅನ್ನದ ತಟ್ಟೆ ಬಿಟ್ಟು ಬಾಗಿಲಿಗೆ ಓಡುತ್ತಾರೆ.

ಬೆಳಗಿನ ಹೊತ್ತು ಬಂದು ಹೊಸಬರಿಗೆ ಕಲಿಸಲು ಮೇಸ್ತ್ರಿಗಳು ಒಪ್ಪಿರುವುದು ನಮ್ಮ ಭಾಗ್ಯ. ಅವರ ಆಯುಸ್ಸು ಹೆಚ್ಚಲಿ, ಕಲಿಸುವ ಕೈಗಳಿಗೆ ಬಲವಿರಲಿ; ಇನ್ನಾದರೂ, ದಿನಕ್ಕೊಂದು ಹೊತ್ತಾದರೂ, ಅವರು ಕುಳಿತು ಊಟ ಮುಗಿಸುವಂತಾಗಲಿ.