ಕಡಲಿನ ಕಡೆಯಿಂದ ಬಂದ ಒಂದು ‘ಕೂ’

ಇಂಥ ಮಾತು ಬಂದಾಗ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಮೊದಲು ನಗುತ್ತಿದ್ದವಳು ನಾನು. ಮೂಡುಬಿದಿರೆಯಲ್ಲಿ ಹದಿನಾಲ್ಕು ವರ್ಷಗಳಿಂದ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸತ್ತ ಮಾವ ಬಂದು ಬಾಗಿಲು ತಟ್ಟಿದರು, ಖಾಲಿ ಉಯ್ಯಾಲೆ ತಾನಾಗಿ ತೂಗಿತು ಎಂದೆಲ್ಲ ಯಾರಾದರೂ ಹೇಳತೊಡಗಿದರೆ, “ರಾತ್ರಿ ಎಂತ ತಿಂದಿದ್ರಿ ಸರ್?” ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಹಾಗೆ ಕೇಳಿಸಿಕೊಂಡವರಲ್ಲಿ ಒಬ್ಬಿಬ್ಬರು ಇದನ್ನು ಓದಬಹುದು. ಅವರು ಈಗ ನನ್ನನ್ನು ನೋಡಿ ನಕ್ಕರೆ ನನಗೆ ಬೇಸರವಿಲ್ಲ. ನಗುವಷ್ಟು ಹಗುರವಾಗಿ ಅದನ್ನು ಮುಗಿಸಲು ಸಾಧ್ಯವಿದ್ದರೆ ನನಗೂ ಒಳ್ಳೆಯದೇ.

ನಡೆದದ್ದು ರಾತ್ರಿಯಲ್ಲ. ಉರಿ ಬಿಸಿಲಿನಲ್ಲಿ, ಹನ್ನೊಂದೂವರೆಯ ಹೊತ್ತಿಗೆ, ಮೆಕ್ಸಿಕೋದ ಒಂದು ಕಡಲ ತೀರದಲ್ಲಿ.

ನನ್ನ ಅಣ್ಣ ಸತೀಶ ಅಡುಗೆಯವನು. ಕುವೈತಿನಲ್ಲಿ ಹತ್ತು ವರ್ಷ ಇದ್ದು, ಅಲ್ಲಿ ಪರಿಚಯವಾದವರೊಬ್ಬರ ಜೊತೆ ಮೆಕ್ಸಿಕೋಗೆ ಹೋಗಿ, ಸಮುದ್ರದ ಬದಿಯ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ. ಮದುವೆಯಾಗಿಲ್ಲ. ಪ್ರತಿ ಫೋನಿನಲ್ಲೂ ಅವನದು ಒಂದೇ ಮಾತು: “ಡಿಸೆಂಬರಿಗೆ ಬನ್ನಿ. ಅಮ್ಮನನ್ನು ಕರ್ಕೊಂಡು ಬಾ. ಅಮೆರಿಕದವರೆಲ್ಲ ಚಳಿಗೆ ಹೆದರಿ ಇಲ್ಲಿಗೇ ಓಡಿ ಬರ್ತಾರೆ ಮಾರಾಯ್ತಿ.” ಎರಡು ವರ್ಷದ ಹಿಂದೆ ಸೆಮಿಸ್ಟರ್ ರಜೆ ಸಿಕ್ಕಿದಾಗ ಹೊರಟೆವು. ಅಮ್ಮ ನನ್ನ ಜೊತೆಗೇ ಇರುವವಳು. ಮಗಳು ನಿಧಿಗೆ ಆಗ ಒಂಬತ್ತು. ಗಂಡನ ಮೆಡಿಕಲ್ ಶಾಪ್ ಬೆಳುವಾಯಿಯಲ್ಲಿ. ಮೂರು ವಾರ ಬಾಗಿಲು ಹಾಕುವ ಹಾಗಿರಲಿಲ್ಲ, ಅವರು ಬರಲಿಲ್ಲ.

ಮೂರು ವಿಮಾನ ಬದಲಿಸಿ ಇಳಿದಾಗ ಅಮ್ಮ ಆಕಾಶ ನೋಡಿ ಹೇಳಿದ ಮೊದಲ ಮಾತು, “ಬಿಸಿಲು ನೋಡ್ಲಿಕ್ಕೆ ಇಷ್ಟು ದೂರ ಬರಬೇಕಿತ್ತಾ? ನಮ್ಮ ಅಂಗಳದಲ್ಲಿ ಎಂತ ಕಮ್ಮಿ ಉಂಟು?” ನಾವು ಮನೆಯಲ್ಲಿ ತುಳು ಮಾತಾಡುವವರು. ಇಲ್ಲಿ ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆದರೆ ಅಮ್ಮ ಆ ಊರಿಗೆ ನನಗಿಂತ ಬೇಗ ಹೊಂದಿಕೊಂಡಳು. ಅದಕ್ಕೆ ಕಾರಣ ರಮೋನ್. ಅಣ್ಣನ ಅಡುಗೆಮನೆಯಲ್ಲಿ ಕೆಂಡದ ಮೇಲೆ ಮೀನು ಸುಡುವ ಕೆಲಸ ಅವನದು. ಐವತ್ತು ದಾಟಿರಬಹುದು, ದಪ್ಪ ಮೀಸೆ, ನಗುವಾಗ ಹೊಟ್ಟೆಯೂ ನಗುತ್ತಿತ್ತು. ಅಮ್ಮ ಅವನಿಗೆ ತುಳುವಿನಲ್ಲಿ ಬಯ್ಯುತ್ತಿದ್ದಳು, ಅವನು ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಿದ್ದ, ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಒಂದು ಸಂಜೆ ಅವನು ಮೀನು ಹೆಚ್ಚುವುದನ್ನು ನೋಡುತ್ತ ಅಮ್ಮ, “ಇವನ ಕೈ ನೋಡು ಸತೀಶ. ನಿನ್ನ ಹಾಗೆ ಅರ್ಧ ಮಾಂಸ ಮುಳ್ಳಿಗೇ ಬಿಡುವುದಿಲ್ಲ” ಎಂದಳು.

“ಹಾಗಾದ್ರೆ ಇವನನ್ನೇ ಮಗ ಮಾಡ್ಕೋ. ನಾನು ಎಲ್ಲಿಗಾದ್ರೂ ಹೋಗ್ತೇನೆ.”

“ಹೋಗು. ಮೀಸೆ ಇರುವ ಮಗ ಸಿಕ್ಕಿದ ಹಾಗಾಯ್ತು.”

ಅಣ್ಣ ಅದನ್ನು ಭಾಷಾಂತರಿಸಿ ಹೇಳಿದಾಗ ರಮೋನ್ ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನಾವು ಮಾಡುವುದನ್ನು ನೋಡಿ ಕಲಿತಿದ್ದ.

ಅವನು ಅಣ್ಣನಿಂದ ಇನ್ನೊಂದನ್ನೂ ಕಲಿತಿದ್ದ. ಅದು ‘ಕೂ’. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಾವು ಹುಟ್ಟಿ ಬೆಳೆದದ್ದು ಮುಂಡಾಜೆಯ ಹತ್ತಿರ. ಅಪ್ಪ ಹೊಳೆಯ ಆಚೆಯ ಗುಡ್ಡದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಹತ್ತು ಗಂಟೆಗೆ ಗಂಜಿ ಆದಾಗ ಅಮ್ಮ ಅಂಗಳದ ತುದಿಯಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ‘ಕೂ’ ಹಾಕುತ್ತಿದ್ದಳು. ಅಪ್ಪ ಗುಡ್ಡದಿಂದ ಹಾಗೆಯೇ ಓಗೊಡುತ್ತಿದ್ದರು. ಒಬ್ಬೊಬ್ಬರ ಕೂ ಒಂದೊಂದು ಥರ. ಅಪ್ಪನದು ಉದ್ದಕ್ಕೆ ಹೋಗಿ ಕೊನೆಯಲ್ಲಿ ಚೂರು ಒಡೆದು ಮೇಲಕ್ಕೇರುತ್ತಿತ್ತು. ಅಡುಗೆಮನೆಯ ಗದ್ದಲದಲ್ಲಿ ಅಣ್ಣ ಇದನ್ನೇ ಬಳಸಿ ರಮೋನನನ್ನು ಕರೆಯುತ್ತಿದ್ದನಂತೆ. ರಮೋನನದು ಮಾತ್ರ ಗಿಡ್ಡ, ದಪ್ಪ, ಹೋರಿ ಕೂಗಿದ ಹಾಗೆ. ನಿಧಿ ಅದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದಳು.

ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಒಂದೇ ಸಲ ಕೇಳಿದ ಕೂಗಿಗೆ ಓಗೊಡಬಾರದು. ಮನುಷ್ಯರು ಕರೆದರೆ ಮತ್ತೆ ಕರೆಯುತ್ತಾರೆ, ಮೂರನೆಯದು ಕೇಳಿದ ಮೇಲೆ ಓಗೊಡು. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರಲ್ಲ. ಅದಕ್ಕೆ ಉತ್ತರ ಕೊಟ್ಟವರನ್ನು ಅದು ಕರೆದುಕೊಂಡು ಹೋಗುತ್ತದೆ. ಅಮ್ಮ ನಮಗೆ ಇದನ್ನು ಎಷ್ಟು ಸಣ್ಣಂದಿನಲ್ಲಿ ಕಲಿಸಿದ್ದಳೆಂದರೆ, ನಂಬಿಕೆ ಹೋದ ಮೇಲೂ ಅಭ್ಯಾಸ ಹೋಗಿರಲಿಲ್ಲ. ಇವತ್ತಿಗೂ ನನ್ನ ಗಂಡ ಕೋಣೆಯಿಂದ ಒಂದು ಸಲ ಕರೆದರೆ ನಾನು ಏಳುವುದಿಲ್ಲ. ಅವರಿಗೆ ಅದು ಸೋಮಾರಿತನ ಎಂದು ಕೋಪ.

ಆ ದಿನ ಅಣ್ಣನಿಗೂ ರಮೋನನಿಗೂ ರಜೆ. ಹೋಟೆಲಿನ ಮುಂದಿನ ತೀರದಲ್ಲಿ ಕೆಂಪು ಬಾವುಟ ಹಾಕಿದ್ದರು, ನೀರಿಗೆ ಇಳಿಯುವ ಹಾಗಿರಲಿಲ್ಲ. ಅಣ್ಣ ನಮ್ಮನ್ನು ಅರ್ಧ ಗಂಟೆ ದೂರದ, ಜನರಿಲ್ಲದ ಒಂದು ಕಡೆಗೆ ಕರೆದುಕೊಂಡು ಹೋದ. “ಇಲ್ಲಿ ಬಾವುಟವೇ ಇಲ್ಲ ನೋಡು” ಎಂದು ನಕ್ಕ. ಎರಡು ಕಡೆ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ಅಲೆಯಿಲ್ಲದೆ ಮಲಗಿತ್ತು. ಅಣ್ಣ ಅಲ್ಲಿಯೇ ಇಳಿದ. ಹೊಳೆಯಲ್ಲಿ ಈಜು ಕಲಿತವರಿಗೆ ಶಾಂತವಾದ ನೀರು ಕಂಡರೆ ಸಾಕು. ಕಡಲಿನಲ್ಲಿ ಅಂಥ ಪಟ್ಟಿಯೇ ಒಳಗೆ ಎಳೆಯುವುದು ಎಂದು ನಾನು ಓದಿ ತಿಳಿದದ್ದು ಊರಿಗೆ ಬಂದ ಮೇಲೆ.

ನಾವು ಕೊಡೆಯ ಕೆಳಗೆ ಕುಳಿತಿದ್ದೆವು. ರಮೋನ್ ಮೀನು ತಂದಿದ್ದ ಥರ್ಮೊಕೋಲ್ ಪೆಟ್ಟಿಗೆಯ ಪಕ್ಕದಲ್ಲಿ ಪಪ್ಪಾಯಿ ಹೆಚ್ಚುತ್ತಿದ್ದ. ಆಗ ಕೂ ಕೇಳಿತು.

ಒಂದೇ ಸಲ. ಉದ್ದಕ್ಕೆ ಬಂದು, ಕೊನೆಯಲ್ಲಿ ಒಡೆದು, ಮೇಲಕ್ಕೇರಿ ನಿಂತಿತು.

ಅಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು. ನಾನು ತಲೆಯೆತ್ತಿದೆ. ಅಣ್ಣ ಸೊಂಟದಷ್ಟು ನೀರಿನಲ್ಲಿ ನಮಗೆ ಬೆನ್ನು ಮಾಡಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ, ಹೆಚ್ಚೆಂದರೆ ಮೂವತ್ತು ಹೆಜ್ಜೆ. ಸದ್ದು ಬಂದದ್ದು ಅವನಿಂದಲ್ಲ, ಅವನಿಗಿಂತ ಬಹಳ ಆಚೆಯಿಂದ. ಅಲ್ಲಿ ದೋಣಿಯೂ ಇರಲಿಲ್ಲ. ಅಮ್ಮನ ಕಡೆ ತಿರುಗಿದೆ. ಅವಳಿಗೂ ಕೇಳಿತ್ತು. ಒಂದು ಕೈಯಿಂದ ನಿಧಿಯನ್ನು ಎಳೆದು ಎದೆಗೆ ಒತ್ತಿಕೊಂಡು ಅವಳ ಕಿವಿ ಮುಚ್ಚಿದ್ದಳು. ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. “ನೋಡ್ಬೇಡ. ಓಗೊಡ್ಬೇಡ. ಈ ಕಡೆ ತಿರುಗಿ ಕೂತ್ಕೋ.”

ನಾನು ತಿರುಗಿ ಕುಳಿತೆ. ಎಂ.ಎಸ್ಸಿ. ಮಾಡಿದವಳು, ಮಕ್ಕಳಿಗೆ ‘ಸಾಕ್ಷ್ಯ ಎಲ್ಲಿ?’ ಎಂದು ಕೇಳಲು ಕಲಿಸುವವಳು, ಕಡಲಿಗೆ ಬೆನ್ನು ಹಾಕಿ ಕುಳಿತೆ.

ಆದರೆ ರಮೋನನಿಗೆ ಆ ಕಟ್ಟಳೆ ಗೊತ್ತಿರಲಿಲ್ಲ. ಅವನೂ ಕೇಳಿಸಿಕೊಂಡಿದ್ದ, ನನ್ನ ಕಿವಿಯ ಭ್ರಮೆ ಎಂದು ನಾನು ಹೇಳಲಾರದ್ದು ಅದಕ್ಕಾಗಿಯೇ. ಚಾಕು ಕೆಳಗಿಟ್ಟು ಎದ್ದು ನಿಂತು, ನಗುತ್ತ, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ತನ್ನ ಹೋರಿಯ ಕೂ ಹಾಕಿದ. ಒಂದೇ ಸಲ. ಮತ್ತೆ ಕುಳಿತು ಹಣ್ಣು ಹೆಚ್ಚತೊಡಗಿದ.

ಅಮ್ಮ ನನ್ನ ಕೈ ಜಗ್ಗಿದಳು. “ಅವನಿಗೆ ಹೇಳು” ಎಂದಳು.

“ಎಂತ ಹೇಳುವುದು ಅಮ್ಮ?”

“ಓಗೊಡ್ಬಾರದಿತ್ತು ಅಂತ ಹೇಳು. ನೀರಿನ ಹತ್ತಿರ ಹೋಗ್ಬೇಡ ಅಂತ ಹೇಳು. ನಿನ್ನ ಫೋನಿನಲ್ಲಿ ಅವರ ಭಾಷೆ ಬರ್ತದಲ್ವಾ?”

ಬರುತ್ತಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ನನಗೆ ನಾಚಿಕೆಯಾಯಿತು. ಕಾಲೇಜಿನಲ್ಲಿ ಕಲಿಸುವ ಹೆಂಗಸು ಒಬ್ಬ ಪರದೇಶದವನ ಮುಂದೆ ಭೂತದ ಕಥೆಯನ್ನು ಯಂತ್ರಕ್ಕೆ ಕೊಟ್ಟು ಭಾಷಾಂತರ ಮಾಡಿಸುವುದೇ? “ಸುಮ್ಮನಿರು ಅಮ್ಮ, ನಗ್ತಾನೆ ಅಷ್ಟೇ” ಎಂದೆ. ಹೀಗೆ, ಅಮ್ಮನ ಮಾತು ಕೇಳಿ ಕಡಲಿಗೆ ಬೆನ್ನು ಹಾಕಿದೆ. ಅದೇ ಅಮ್ಮನ ಮಾತು ಮೀರಿ ಅವನಿಗೆ ಏನೂ ಹೇಳಲಿಲ್ಲ. ಎರಡೂ ಐದು ನಿಮಿಷದೊಳಗೆ.

ಎಷ್ಟು ಹೊತ್ತು ಹಾಗೆ ಕುಳಿತೆವೋ ಸರಿಯಾಗಿ ಹೇಳಲಾರೆ. ನಿಧಿ ಪಪ್ಪಾಯಿಯ ನಾಲ್ಕು ಹೋಳು ತಿಂದಿದ್ದಳು. ಇದ್ದಕ್ಕಿದ್ದಂತೆ ರಮೋನ್ ಎದ್ದು ಏನೋ ಕಿರುಚಿದ. ಪೆಟ್ಟಿಗೆಯಲ್ಲಿದ್ದ ಮೀನು, ಮಂಜುಗಡ್ಡೆಯನ್ನೆಲ್ಲ ಮರಳಿಗೆ ಸುರಿದು, ಖಾಲಿ ಪೆಟ್ಟಿಗೆ ಎದೆಗವಚಿಕೊಂಡು ಓಡಿದ. ಆಗ ನಾನು ತಿರುಗಿದೆ. ಅಣ್ಣನ ತಲೆ ತೆಂಗಿನಕಾಯಿಯಷ್ಟು ಸಣ್ಣದಾಗಿತ್ತು. ಕೈ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ.

ಮುಂದಿನದನ್ನು ಉದ್ದಕ್ಕೆ ಹೇಳುವ ಶಕ್ತಿ ನನಗಿಲ್ಲ. ರಮೋನ್ ಅಣ್ಣನನ್ನು ಮುಟ್ಟಿದ್ದು ಕಂಡೆ. ಪೆಟ್ಟಿಗೆಯನ್ನು ಅವನ ಕಡೆ ತಳ್ಳಿದ್ದು ಕಂಡೆ. ಒಂದು ದೊಡ್ಡ ಅಲೆ ಬಂತು, ಅದು ಇಳಿದ ಮೇಲೆ ಪೆಟ್ಟಿಗೆಯ ಜೊತೆ ಒಂದೇ ತಲೆ ಇತ್ತು. ನಾನು ನೀರಿಗೆ ಓಡಿದೆ, ಮೊಣಕಾಲು ಮುಳುಗುವಷ್ಟರಲ್ಲಿ ಅಮ್ಮ ಹಿಂದಿನಿಂದ ಸೀರೆಯ ಸಮೇತ ಬಂದು ನನ್ನನ್ನು ತಬ್ಬಿ ಹಿಡಿದಳು. ಈಗಲೂ ಕ್ಲಾಸಿನಲ್ಲಿ ಬೋರ್ಡಿಗೆ ಬರೆಯುತ್ತಿರುವಾಗ, ಬೆನ್ನ ಹಿಂದೆ ಮಕ್ಕಳು ಸುಮ್ಮನಾದರೆ, ನಾನು ಥಟ್ಟನೆ ತಿರುಗಿ ನೋಡುತ್ತೇನೆ.

ಅಣ್ಣ ತುಂಬ ದೂರದಲ್ಲಿ, ಬಂಡೆಗಳ ಹತ್ತಿರ ದಡ ಸೇರಿದ. ರಮೋನ್ ಸಿಕ್ಕಿದ್ದು ಮರುದಿನ ಬೆಳಿಗ್ಗೆ.

ಎರಡು ದಿನ ಅಣ್ಣ ಆಸ್ಪತ್ರೆಯಲ್ಲಿದ್ದ. ಮಾತು ಬಂದ ಮೇಲೆ ಕೇಳಿದೆ, “ಅಣ್ಣ, ನೀನು ಮೊದಲು ಕೂ ಹಾಕಿದ್ಯಾ?”

“ಇಲ್ವಲ್ಲ. ಯಾವಾಗ?”

“ಮುಖ ತೊಳೀತಾ ಇದ್ದೆ ನೋಡು, ಆಗ.”

“ಆಗ ನನಗೆ ಎಂತ ಆಗಿತ್ತು ಕೂ ಹಾಕ್ಲಿಕ್ಕೆ?” ಆಮೇಲೆ ಅಂದ, “ರಮೋನನದ್ದು ಕೇಳಿತು. ಊಟಕ್ಕೆ ಕರೀತಾನೆ ಅಂತ ಗೊತ್ತಾಯ್ತು. ಒಂದೇ ಸಲ ಅಲ್ವಾ ಕರೆದದ್ದು, ಇನ್ನೂ ಎರಡು ಸಲ ಕರೀಲಿ, ಆಮೇಲೆ ಹೋಗುವ ಅಂತ ಮುಂದೆ ಹೋದೆ.” ಗೋಡೆಯ ಕಡೆ ಮುಖ ತಿರುಗಿಸಿದ. “ಅಭ್ಯಾಸ ಮಾರಾಯ್ತಿ. ಅಭ್ಯಾಸ.”

ನಾನು ಅಲ್ಲಿಂದೆದ್ದು ಹೊರಗೆ ಹೋದೆ. ರಮೋನನ ಕೂಗಿನ ಹಿಂದೆ ನಾನೊಂದು, ಅಮ್ಮ ಒಂದು ಕೂ ಹಾಕಿದ್ದರೆ ಮೂರಾಗುತ್ತಿತ್ತು. ಅವನು ಬರುತ್ತಿದ್ದ.

ರಮೋನನ ಹೆಂಡತಿಯನ್ನು ಶವಸಂಸ್ಕಾರದ ದಿನ ಇಗರ್ಜಿಯಲ್ಲಿ ನೋಡಿದೆ. ಅವಳು ನನ್ನ ಎರಡೂ ಕೈ ಹಿಡಿದು ಏನೋ ಕೇಳಿದಳು. ಅಣ್ಣ ತಲೆ ತಗ್ಗಿಸಿಯೇ ಹೇಳಿದ, “ಅವನು ಕೊನೆಗೆ ಏನಾದ್ರೂ ಹೇಳಿದ್ನಾ ಅಂತ ಕೇಳ್ತಿದ್ದಾಳೆ.” ನಾನು, “ಅಣ್ಣನನ್ನು ಊಟಕ್ಕೆ ಕರೆದ” ಎಂದೆ. ಅಣ್ಣ ಅದನ್ನು ಅವಳ ಭಾಷೆಗೆ ತಿರುಗಿಸುವಾಗ ಎರಡು ಸಲ ನಿಲ್ಲಿಸಿದ.

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ತಿಳಿದಿಲ್ಲ. ಅಮ್ಮನಿಗೆ ಸಂಶಯವೇ ಇಲ್ಲ. ಕರೆಯಲು ಬಂದದ್ದು ಸತೀಶನನ್ನು, ಓಗೊಟ್ಟವನು ಹೋದ, ಅಷ್ಟೇ ಎನ್ನುತ್ತಾಳೆ. ಕಳೆದ ವರ್ಷ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಾಗ ಅಪ್ಪನ ಎಲೆಯ ಪಕ್ಕ ಇನ್ನೊಂದು ಎಲೆ ಹಾಕಿಸಿ, ಮೀನಿನ ದೊಡ್ಡ ತುಂಡನ್ನು ಅದಕ್ಕೇ ಬಡಿಸಿದಳು. ಅವಳ ಕಟ್ಟಳೆ ನಿಜವಾದರೆ, ಒಂದು ಸಾಲು ಟೈಪ್ ಮಾಡಲು ನಾಚಿ ನಾನು ಒಬ್ಬ ಒಳ್ಳೆಯ ಮನುಷ್ಯನನ್ನು ಕಳೆದುಕೊಂಡೆ. ಅದು ಸುಳ್ಳಾದರೆ, ಕಡಲಿನಿಂದ ಕೇಳಿದ್ದು ಬರೀ ಎಚ್ಚರಿಕೆಯ ಕೂಗಾಗಿದ್ದರೆ, ಕಣ್ಣೆದುರು ಮುಳುಗುವವನಿಗೆ ಬೆನ್ನು ಹಾಕಿ ಕುಳಿತೆ. ರಾತ್ರಿ ಎಚ್ಚರವಾದಾಗ ಒಮ್ಮೆ ಇದು ಸರಿ ಎನಿಸುತ್ತದೆ, ಒಮ್ಮೆ ಅದು. ಗಾಳಿ, ಹಕ್ಕಿ, ದೂರದ ಹಡಗು ಎಂದು ನನಗೆ ಹೇಳಿದವರಿದ್ದಾರೆ. ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ಅಪ್ಪನ ಕೂ ಕೇಳಿ ಬೆಳೆದವರು ಅವರಲ್ಲ.

ಅಣ್ಣ ಈಗಲೂ ಅಲ್ಲಿಯೇ ಇದ್ದಾನೆ. ರಮೋನ್ ತನ್ನನ್ನೇ ಕರೆದದ್ದು, ತಾನೇ ಹೋಗಲಿಲ್ಲ ಎಂದು ನಂಬಿಕೊಂಡಿದ್ದಾನೆ. ಪ್ರತಿ ಫೋನಿನಲ್ಲಿ ಆ ಮಾತಿಗೇ ಬರುತ್ತಾನೆ: “ಒಂದು ಸಲ ಕರೆದಾಗಲೇ ತಿರುಗಿದ್ದರೆ ಸಾಕಿತ್ತು.” ರಮೋನ್ ಕರೆದದ್ದಲ್ಲ, ಓಗೊಟ್ಟದ್ದು, ನಿನ್ನನ್ನು ಕರೆಯಲೇ ಇಲ್ಲ ಎಂದು ಹೇಳಿದರೆ ಅವನ ಎದೆಯ ಭಾರ ಅರ್ಧ ಇಳಿಯುತ್ತದೆ. ಎರಡು ವರ್ಷದಿಂದ ನಾನು ಹೇಳಿಲ್ಲ. ಪಾಠದ ತಯಾರಿ ಉಂಟು, ಆಮೇಲೆ ಮಾತಾಡ್ತೇನೆ ಎಂದು ಫೋನ್ ಇಡುತ್ತೇನೆ.

ಇದು ಅಚ್ಚಾದ ಮೇಲೆ ಅವನು ಓದುತ್ತಾನೆ. ಮೊದಲು ಕೂಗಿದ್ದು ಯಾರು ಎಂದು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತೇನೆ, ಅದು ನಿಜ. ಆಮೇಲೆ ಅವನು, ಆ ಕೂ ಕೇಳಿದ ಮೇಲೆ ನೀನು ಎಂತ ಮಾಡಿದೆ ಎಂದು ಕೇಳುತ್ತಾನೆ.