ಹೆದರಿಕೊಂಡೇ ನಡೆದ ಭಾವ

ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಗಿಲೊಂದು ಕಿರ್ರೆಂದು ತೆರೆದುಕೊಂಡರೆ ಸಾಕು, ನಮ್ಮ ಭಾವ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಕೊಂಡುಬಿಡುತ್ತಿದ್ದರು. ಕುರ್ಚಿಯ ಅಂಚಿನಲ್ಲಿ ಕಾಲ್ಬೆರಳುಗಳೆಲ್ಲ ಮುದುರಿ ಕೂತಿರುತ್ತಿದ್ದವು. ಫ್ಯಾಕ್ಟರಿಯ ಶೂ ಒಳಗೆ ದಿನವಿಡೀ ಬೆಂದ ಆ ಪಾದಗಳು ನೆನೆಸಿ ಹಿತುಕಿದ ಅವರೆಕಾಳಿನ ಹಾಗೆ ಬಿಳುಚಿಕೊಂಡಿರುತ್ತಿದ್ದವು. ಆಳು ನೋಡಿದರೆ ಬಾಗಿಲು ತುಂಬ ಇದ್ದರು, ಹಣೆ ತುಂಬ ವಿಭೂತಿ, ತುಟಿ ಮುಚ್ಚುವಂಥ ಮೀಸೆ. ಬೀದಿಯಲ್ಲಿ ಎದುರಾದವರು ದಾರಿ ಬಿಡಬೇಕು, ಹಾಗಿದ್ದರು. ಇಂಥವರು ಪರದೆಯೊಳಗಿನ ಒಂದು ಮರದ ಬಾಗಿಲಿಗೆ ಹೆದರಿ ಕಾಲೆತ್ತಿಕೊಂಡು ಕೂರುವುದನ್ನು ಮೊದಲ ಸಲ ನೋಡಿದಾಗ ನಾನು ಅಡುಗೆಮನೆಗೆ ಓಡಿಹೋಗಿ ಅಕ್ಕನ ಸೆರಗು ಹಿಡಿದುಕೊಂಡು ನಕ್ಕಿದ್ದೆ.

ಅವರು ನನ್ನ ಅಕ್ಕನ ಗಂಡ. ನಂಜನಗೂಡಿನಲ್ಲಿ ಮನೆ, ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಮ್ಮೂರು ತಿ. ನರಸೀಪುರದ ಹತ್ತಿರ, ಬನ್ನೂರಿಗೆ ಹೋಗುವ ದಾರಿಯಲ್ಲಿ. ಅಪ್ಪ ತೀರಿಹೋಗಿದ್ದರು, ಅಮ್ಮ ಊರಲ್ಲಿ ಎರಡು ಹಸು ಕಟ್ಟಿಕೊಂಡಿದ್ದಳು. ನಾನು ಬಿ.ಎಡ್. ಓದಲು ಅಕ್ಕನ ಮನೆಗೆ ಬಂದು ಸೇರಿದೆ. ಫಸ್ಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದರೆ ಭಾವ ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು, ನೇರ ಆ ಕುರ್ಚಿಗೆ. ಸಂಜೆ ದೀಪ ಹಚ್ಚುವವರೆಗೆ ಅವರ ಲೋಕವೇ ಬೇರೆ.

ಆ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟಿದ್ದು ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು. ಅದರಲ್ಲಿ ಗುಂಡು ಹಾರಿಸುವ ಆಟಗಳನ್ನು ತುಂಬಿಕೊಟ್ಟಿದ್ದರಂತೆ. ಭಾವ ಅರ್ಧ ಗಂಟೆ ಆಡಿ ಮುಚ್ಚಿಟ್ಟರು. "ಪಾಪ, ಆ ಮನುಷ್ಯ ಅವನ ಪಾಡಿಗೆ ಮೂಲೇಲಿ ನಿಂತಿದ್ದ. ನನಗೂ ಅವನಿಗೂ ಪರಿಚಯಾನೇ ಇಲ್ಲ, ಯಾಕೆ ಹೊಡೀಲಿ ಹೇಳು?" ಎಂದು ಅಕ್ಕನನ್ನು ಕೇಳಿದ್ದರಂತೆ. ಆಮೇಲೆ ಅವರೇ ಹುಡುಕಿ ಹುಡುಕಿ ಬೇರೆ ಜಾತಿಯ ಆಟಗಳನ್ನು ಕಂಡುಕೊಂಡರು. ಅವುಗಳಲ್ಲಿ ಕತ್ತಿ ಇಲ್ಲ, ಕೋವಿ ಇಲ್ಲ, ಸೋಲು ಗೆಲುವೂ ಇಲ್ಲ. ಯಾವುದೋ ಊರಿಗೆ ಹೋಗಿ ಇಳಿಯುವುದು, ನಡೆಯುವುದು, ಖಾಲಿ ಮನೆಗಳನ್ನು ಹೊಕ್ಕು ನೋಡುವುದು, ಇಲ್ಲಿ ಯಾರಿದ್ದರು, ಏನಾದರು ಎಂದು ತಿಳಿದುಕೊಳ್ಳುವುದು. ಅಷ್ಟೇ. ಅವಕ್ಕೆ ಭಾವ ಇಟ್ಟ ಹೆಸರು 'ಸುತ್ತೋ ಆಟ'.

ಸುತ್ತೋ ಆಟ ಆಡುವುದರಲ್ಲೂ ಅವರದೊಂದು ಮಡಿ ಇತ್ತು. ಪರದೆಯ ಮೇಲಿನ ಮನೆಯೇ ಆಗಲಿ, ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿ, "ಯಾರಿದೀರಾ ಒಳಗೆ?" ಎಂದು ಬಾಯಿಬಿಟ್ಟು ಕೂಗಿ ಆಮೇಲೇ ಒಳಗೆ ಕಾಲಿಡುತ್ತಿದ್ದರು. ಹೊಸಿಲ ಮೇಲೆ ನಿಲ್ಲುತ್ತಿರಲಿಲ್ಲ. ಯಾರದೋ ಮನೆಯ ಬೀರು ತೆಗೆಯಬೇಕಾಗಿ ಬಂದರೆ ಮುಖ ಸಣ್ಣದು ಮಾಡಿಕೊಂಡು, "ತಪ್ಪು ತಿಳ್ಕೋಬೇಡಿ ಕಣ್ರೀ" ಎನ್ನುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತಿದ್ದ ಹಾಲಿನವಳು, ತನಗೇ ಹೇಳಿದ್ದು ಎಂದುಕೊಂಡು, "ಇಲ್ಲ ಬುಡಿ ಸಾ" ಎಂದು ಹೋಗಿದ್ದಳು.

ಅವರಿಗೆ ಬಹಳ ಇಷ್ಟವಾದ ಆಟವೊಂದಿತ್ತು. ಅಣೆಕಟ್ಟಿನ ನೀರು ಇಳಿದಾಗ ಮುಳುಗಿದ್ದ ಊರೊಂದು ಮೇಲೆದ್ದಿರುತ್ತದೆ. ಕೆಸರು ಮೆತ್ತಿದ ಬೀದಿಗಳಲ್ಲಿ ನಾವು ಒಬ್ಬರೇ ನಡೆಯಬೇಕು. ಊರ ನಡುವೆ ಒಂದು ಕಲ್ಲಿನ ಗುಡಿ. ಆ ಗುಡಿಯ ಹತ್ತಿರ ಭಾವ ವಾರಗಟ್ಟಲೆ ಸಿಕ್ಕಿಹಾಕಿಕೊಂಡರು. ಸುತ್ತಿದ್ದೇ ಸುತ್ತಿದ್ದು, ಮುಂದಿನ ದಾರಿ ಸಿಗಲಿಲ್ಲ. ನಾನು ಪಕ್ಕದಲ್ಲಿ ಕೂತು ನೋಡಿದೆ. ಹಿಂಬದಿಯ ಗೋಡೆ ಕುಸಿದು ಅಲ್ಲೊಂದು ಇಳಿಜಾರಾಗಿತ್ತು, ಈ ಕಡೆಯಿಂದ ಬಂದರೆ ಅದು ಕಲ್ಲಿಗೆ ಮರೆಯಾಗುತ್ತಿತ್ತು, ಆ ಕಡೆಯಿಂದ ಬಂದರೆ ಮಾತ್ರ ಕಾಣುವಂತಿತ್ತು.

"ಭಾವ, ತಿರುಗಿಸಿಕೊಂಡು ಆ ಕಡೆಯಿಂದ ಹೋಗಿ" ಎಂದೆ.

"ಹಂಗೆ ಸುತ್ತಬಾರದು ಕಣಮ್ಮ. ದೇವರು ಬಲಗೈಗೇ ಇರಬೇಕು."

"ಅದು ಕಂಪ್ಯೂಟರು ಭಾವ. ಅದರಲ್ಲಿ ಯಾವ ದೇವರು?"

"ಯಾವ ದೇವರೋ, ನಮಗೇನು ಗೊತ್ತು?" ಎಂದರು. ಕೊನೆಗೆ ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟು, ನಾನು ಉಲ್ಟಾ ಸುತ್ತಿ ಗೋಡೆ ದಾಟುವವರೆಗೆ ಕಣ್ಣು ಮುಚ್ಚಿಕೊಂಡು ಕೂತರು. ಆ ಪಾಪ ಇವತ್ತಿಗೂ ನನ್ನ ಲೆಕ್ಕದಲ್ಲಿದೆ.

ಈಗ ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಹುಟ್ಟಾ ಪುಕ್ಕಲಿ. ಹಲ್ಲಿಗೆ, ಸಿಡಿಲಿಗೆ, ಚಿಲ್ಲರೆ ಕೇಳುವ ಕಂಡಕ್ಟರಿಗೆ, ಮನೆಯಲ್ಲಿ ಒಬ್ಬಳೇ ಇದ್ದಾಗ ಅಟ್ಟದ ಮೇಲೆ ಬೀಳುವ ಪಾತ್ರೆಗೆ, ಎಲ್ಲಕ್ಕೂ ಹೆದರುತ್ತಿದ್ದೆ. ಭಾವನ ಆಟ ನೋಡುವಾಗ ನಾನೂ ಕಾಲೆತ್ತಿಕೊಂಡು ಕೂರುತ್ತಿದ್ದೆ. ಒಮ್ಮೆ ಕೇಳಿದೆ, "ಇದರಲ್ಲಿ ಹೊಡೆಯೋರು ಯಾರೂ ಇಲ್ಲವಲ್ಲ ಭಾವ, ಮತ್ಯಾಕೆ ಇಷ್ಟು ಭಯ?"

"ಹೊಡೆಯೋರಿದ್ರೆ ಹೊಡೆದ ಮೇಲಾದ್ರೂ ಭಯ ಮುಗೀತದೆ. ಇಲ್ಲಿ ಮುಗಿಯೋದೇ ಇಲ್ಲ ನೋಡು" ಎಂದರು.

"ಹಾಗಾದರೆ ಯಾಕೆ ಆಡ್ತೀರಿ?"

"ಒಳಗೇನಿದೆ ಅಂತ ನೋಡಬೇಕಲ್ಲ?"

ಬಿ.ಎಡ್. ತರಬೇತಿಗೆಂದು ಶಾಲೆಯೊಂದರಲ್ಲಿ ಮೊದಲ ಪಾಠ ಮಾಡಬೇಕಾದ ದಿನ ಬೆಳಿಗ್ಗೆ ನಾನು ತಿಂದ ತಿಂಡಿಯೆಲ್ಲ ಕಕ್ಕಿಕೊಂಡೆ. ಅಕ್ಕ ಬೆನ್ನು ನೀವುತ್ತ, "ಏನೂ ಆಗಲ್ಲ ಹೋಗೇ" ಎನ್ನುತ್ತಲೇ ಇದ್ದಳು. ಭಾವ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದವರು ತಲೆ ಎತ್ತಿ, "ಯಾಕೆ ಆಗಲ್ಲ? ಆಗಬಹುದು. ಮಕ್ಕಳು ನಗಬಹುದು, ನಿನ್ನ ಬಾಯಿ ಒಣಗಬಹುದು. ಹೆದರಿಕೆ ಆದ್ರೆ ಅದನ್ನೂ ಜೊತೇಲಿ ಕರ್ಕೊಂಡು ಹೋಗು. ಒಂದು ಬೆಂಚ್ ಮೇಲೆ ಕೂರಿಸಿ, ನೀನು ಪಾಠ ಮಾಡು" ಎಂದರು. ಮಕ್ಕಳು ನಕ್ಕರು, ಬಾಯಿಯೂ ಒಣಗಿತು. ಆದರೂ ಪಾಠ ಮಾಡಿ ಬಂದೆ.

ಓದು ಮುಗಿದು ನಮ್ಮೂರ ಪಕ್ಕದ ಶಾಲೆಯಲ್ಲೇ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿ ನಾನು ಅಮ್ಮನ ಹತ್ತಿರ ವಾಪಸು ಬಂದ ಮೇಲೆ ಚಿರತೆಯ ಕಾಟ ಶುರುವಾಯಿತು. ನಮ್ಮ ಕಡೆ ಊರು ಬಿಟ್ಟರೆ ಕಬ್ಬು. ಆಳೆತ್ತರದ ಕಬ್ಬಿನ ನಡುವೆ ಏನು ಮಲಗಿದ್ದರೂ ಕಾಣುವುದಿಲ್ಲ. ಮೊದಲು ಬೀದಿನಾಯಿಗಳು ಮಾಯವಾದವು, ಆಮೇಲೆ ಒಂದು ಕರು. ಆಮೇಲೆ ತಾಲೂಕಿನ ಬೇರೆ ಊರುಗಳಿಂದ ಮನುಷ್ಯರನ್ನೇ ಹಿಡಿದ ಸುದ್ದಿ ಬರತೊಡಗಿತು. ಅರಣ್ಯ ಇಲಾಖೆಯವರು ಬೋನು ತಂದಿಟ್ಟರು. ಚಿರತೆ ಅದರ ಸುತ್ತ ಹೆಜ್ಜೆ ಮೂಡಿಸಿ ಹೋಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಕಬ್ಬಿನ ಗರಿ ಅಲ್ಲಾಡಿದರೆ ನನ್ನ ಎದೆ ಬಾಯಿಗೆ ಬರುತ್ತಿತ್ತು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಅಕ್ಕನಿಗೆ ಫೋನಿನಲ್ಲಿ ಅತ್ತೆ.

ಮುಂದಿನ ವಾರದ ರಜೆಗೆ ಭಾವ ಬಂದರು. ಚಿರತೆ ಸಿಗುವವರೆಗೆ ನಮ್ಮಿಬ್ಬರನ್ನೂ ನಂಜನಗೂಡಿಗೆ ಕರೆದುಕೊಂಡು ಹೋಗುವುದು ಅವರ ಯೋಚನೆ. ಅಮ್ಮ ಒಪ್ಪಲಿಲ್ಲ. "ನಾನ್ ಬಂದ್ರೆ ಅಸಾ ಯಾರ್ ನೋಡ್ತಾರೆ ಅಳಿಯಂದ್ರೇ? ಡೈರಿಗೆ ಆಲು ಯಾರ್ ಆಕ್ತಾರೆ?" ಎಂದು ಕುಡುಗೋಲು ಹಿಡಿದುಕೊಂಡು ಮೇವಿಗೆ ಹೊರಟೇ ಹೋದಳು.

ಬಿಸಿಲು ಇಳಿಯಿತು. ಡೈರಿಯ ಹೊತ್ತಾಯಿತು. ಹಸುಗಳು ಕೂಗತೊಡಗಿದವು. ಅಮ್ಮ ಬರಲಿಲ್ಲ.

ಅಮ್ಮನ ಫೋನು ಅಡುಗೆಮನೆಯ ಗೂಡಿನಲ್ಲೇ ಇತ್ತು. ನಾನು ಅಂಗಳದಲ್ಲಿ ನಿಂತು ಭಾವನ ಮುಖ ನೋಡಿದೆ. ಅವರ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. ಪಕ್ಕದ ಮನೆಯ ಚಿಕ್ಕಪ್ಪ ದೊಣ್ಣೆ ತಂದು ಕೊಡಲು ಬಂದರೆ ಬೇಡವೆಂದರು. "ಕೈಲಿ ದೊಣ್ಣೆ ಇದ್ರೆ ಕಣ್ಣು ದೊಣ್ಣೆ ಮೇಲೇ ಇರ್ತದೆ. ನೀವು ನಾಕು ಜನಾನ ಕರ್ಕೊಂಡು ಹಿಂದಿಂದ ಬನ್ನಿ, ನಾವು ನಡೀತಿರ್ತೀವಿ" ಎಂದರು. ನನ್ನ ಕೈಗೆ ಒಂದು ಸ್ಟೀಲ್ ತಟ್ಟೆ, ಸೌಟು ಕೊಟ್ಟು ಬಡಿಯುತ್ತ ಬಾ ಎಂದರು. ಸೌಟು ತಟ್ಟೆಗೆ ತಗಲುವುದಕ್ಕಿಂತ ನನ್ನ ಬೆರಳಿಗೇ ಹೆಚ್ಚು ತಗಲಿತು.

ನಮ್ಮ ಗದ್ದೆಗೆ ನೇರ ದಾರಿ ಕಬ್ಬಿನ ನಡುವಿನ ಕಾಲುಹಾದಿ. ಎಲ್ಲರೂ ಅದರಲ್ಲೇ ಓಡಾಡುವುದು. ಭಾವ ಅದರ ಬಾಯಲ್ಲಿ ನಿಂತುಬಿಟ್ಟರು. ಒಳಗೆ ನುಗ್ಗಲಿಲ್ಲ. ನನಗೋ ಒಂದೊಂದು ಕ್ಷಣವೂ ಅಮ್ಮನ ಕೂಗು ಕೇಳಿದ ಹಾಗೆ. "ಬನ್ನಿ ಭಾವ, ಬನ್ನಿ" ಎಂದು ಅಂಗಿ ಎಳೆದೆ.

"ತಾಳು. ಮೊದಲು ಸುತ್ತ ನೋಡೋಣ. ನಾಯಿ ನೋಡು" ಎಂದರು ಪಿಸುಮಾತಿನಲ್ಲಿ.

ನಮ್ಮ ಹಿಂದೆಯೇ ಬಂದಿದ್ದ ಬೀದಿನಾಯಿ ಕಾಲುಹಾದಿಯ ಹತ್ತಿರ ಬಾಲ ಮುದುರಿಕೊಂಡು ಕೂತುಬಿಟ್ಟಿತ್ತು. ಕರೆದರೂ ಮುಂದೆ ಬರಲಿಲ್ಲ. ಬಲಗಡೆ ಕಬ್ಬಿನ ಮೇಲೆ ಮೈನಾ ಹಕ್ಕಿಗಳು ಕೂರಲಾರದೆ ಕಿರುಚುತ್ತ ಹಾರುತ್ತಿದ್ದವು. ಭಾವ ಅದನ್ನು ನೋಡಿದರು, ನಾಯಿಯನ್ನು ನೋಡಿದರು, ಕಬ್ಬಿನ ಎಡಬದಿಯ ನಾಲೆ ಏರಿಯನ್ನು ನೋಡಿದರು. ಏರಿಯ ಮೇಲೆ ಹೋದರೆ ಕಬ್ಬನ್ನು ಪೂರ್ತಿ ಬಳಸಿಕೊಂಡು ಹೋಗಬೇಕು, ದೂರ. ಆದರೆ ಎತ್ತರದ ಜಾಗ, ಎರಡೂ ಕಡೆ ಏನಿದ್ದರೂ ಕಾಣುತ್ತದೆ. ನನ್ನ ಕೈ ಹಿಡಿದು ಏರಿ ಹತ್ತಿದರು. ಅವರ ಅಂಗೈ ನೀರಲ್ಲಿ ಅದ್ದಿದ ಹಾಗೆ ಒದ್ದೆಯಾಗಿತ್ತು. "ಭಯ ಆಗ್ತಿದೆ ಕಣಮ್ಮ, ಬಾಳ ಭಯ ಆಗ್ತಿದೆ" ಎಂದು ಗೊಣಗುತ್ತಲೇ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡುವುದು, ಪಕ್ಕ ನೋಡುವುದು, ಮತ್ತೆ ನಡೆಯುವುದು. ನಡುನಡುವೆ "ಅತ್ತೇ" ಎಂದು ಗಟ್ಟಿಯಾಗಿ ಕೂಗುವುದು.

ಏರಿಯ ತಿರುವಿನಲ್ಲಿ ಪಂಪ್‌ಸೆಟ್ಟಿನ ಸಣ್ಣ ಮನೆ. ಅದರ ಮುಚ್ಚಿದ ಬಾಗಿಲ ಒಳಗಿಂದ ಅಮ್ಮನ ಧ್ವನಿ ಬಂತು. "ಬರಬ್ಯಾಡಿ! ಅಲ್ಲೇ ಐತೆ! ಆದೀಲೇ ಐತೆ!"

ನೋಡಿದೆವು. ನಾವು ಬರಬೇಕಾಗಿದ್ದ ಕಾಲುಹಾದಿಯ ಈ ತುದಿಯಲ್ಲಿ, ಕಬ್ಬಿನ ಸಾಲಿನಿಂದ ಅರ್ಧ ಮೈ ಹೊರಗೆ ಹಾಕಿ ಅದು ಮಲಗಿತ್ತು. ತಲೆ ಎತ್ತಿ ನಮ್ಮ ಕಡೆ ತಿರುಗಿತು. ಇಷ್ಟು ದಿನ ಎಷ್ಟೊಂದು ಕಲ್ಪಿಸಿಕೊಂಡು ನಡುಗಿದ್ದೆನೋ, ಅದಕ್ಕಿಂತ ಅದು ಚಿಕ್ಕದಾಗಿತ್ತು. ಭಯ ಮಾತ್ರ ಚಿಕ್ಕದಾಗಲಿಲ್ಲ. ನನ್ನ ಕಾಲು ಓಡುವುದಕ್ಕೆ ಆಗಲೇ ತಿರುಗಿತ್ತು. ಭಾವ ನನ್ನ ರಟ್ಟೆ ಬಿಗಿಯಾಗಿ ಹಿಡಿದು ತಮ್ಮ ಮೈಗೆ ಒತ್ತಿಕೊಂಡರು.

"ಓಡಬೇಡ. ಬೆನ್ನು ತೋರಿಸಬೇಡ. ತಟ್ಟೆ ಬಡಿ."

ಬಡಿದೆ. ಭಾವ ಎರಡೂ ಕೈ ಮೇಲೆತ್ತಿ ನಿಂತರು. ಗಂಟಲು ಹರಿಯುವ ಹಾಗೆ ಕೂಗಿದರು. ಕೂಗಿದ್ದೇನು ಗೊತ್ತೇ? "ಹೋಗಪ್ಪಾ, ನಿನ್ನ ದಮ್ಮಯ್ಯ, ಹೋಗು! ನಮಗೆ ನಿನ್ನ ಹತ್ರ ಏನೂ ಬೇಡ!" ಊರ ಜನರ ಸದ್ದೂ ಹಿಂದಿನಿಂದ ಹತ್ತಿರವಾಯಿತು. ಅದು ಎದ್ದು, ಮೈ ಮುರಿದು, ಅವಸರವೇ ಇಲ್ಲದ ಹಾಗೆ ಕಬ್ಬಿನೊಳಗೆ ಹೋಯಿತು. ಗರಿ ಅಲ್ಲಾಡುವುದು ನಿಂತ ಮೇಲೂ ನಾನು ತಟ್ಟೆ ಬಡಿಯುತ್ತಲೇ ಇದ್ದೆ.

ಅಮ್ಮ ಬಾಗಿಲು ತೆಗೆದು ಬಂದು ನನ್ನನ್ನು ತಬ್ಬಿಕೊಂಡಾಗಲೇ ನಾನು ಭಾವನ ಪ್ಯಾಂಟು ನೋಡಿದ್ದು. ತೊಡೆಯಿಂದ ಕೆಳಗೆ ಒದ್ದೆ. ಅಷ್ಟರಲ್ಲಿ ಜನ ಸೇರಿದರು. ಗಂಡೆದೆ ಅಂದರೆ ಇದು ಎಂದು ಒಬ್ಬರು ಬೆನ್ನು ತಟ್ಟಿದರು. ಬೇರೆ ಯಾರಾದರೂ ಆಗಿದ್ದರೆ ನಾಲೆಗೆ ಇಳಿದು ಕಾಲು ತೊಳೆಯುವ ನೆಪ ಮಾಡುತ್ತಿದ್ದರು. ಭಾವ ಎಲ್ಲರ ಎದುರಿಗೇ, "ಯಾವ ಗಂಡೆದೆ ಕಣ್ರೀ, ನಿಂತಲ್ಲೇ ಒಂದ ಮಾಡ್ಕೊಂಡಿದೀನಿ, ಒಂದು ಪಂಚೆ ಇದ್ರೆ ಕೊಡಿ" ಎಂದರು. ಜನ ನಕ್ಕರು. ನಾನು ನಗಲಿಲ್ಲ. ಬದಲಿಗೆ ಅಳು ಬಂತು. ಈ ಮನುಷ್ಯ ನನಗಿಂತ ಹೆಚ್ಚು ಹೆದರುತ್ತಾರೆ, ಆದರೂ ನನ್ನ ಅಮ್ಮನ ಹತ್ತಿರಕ್ಕೆ ನನ್ನನ್ನು ಕರೆದುಕೊಂಡು ಬಂದರು ಎಂದು ಅವತ್ತು ಅರ್ಥವಾಯಿತು. ಕೆಲಸ ಬಿಡುವ ಮಾತನ್ನು ಆಮೇಲೆ ನಾನು ಆಡಲಿಲ್ಲ. ಕೆಲವು ವಾರದ ಮೇಲೆ ಚಿರತೆ ಬೋನಿಗೆ ಬಿತ್ತು. ಆ ದಾರಿಯಲ್ಲಿ ನಡೆಯುವಾಗ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹೋದ ವರ್ಷ ಭಾವನಿಗೆ ಎದೆನೋವು ಬಂತು. ಹೃದಯದ ಆಪರೇಷನ್ ಆಗಲೇಬೇಕು, ಆದರೆ ಅಪಾಯವಿದೆ ಎಂದು ಮೈಸೂರಿನ ಆಸ್ಪತ್ರೆಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆಪರೇಷನ್ನಿನ ದಿನ ಬೆಳಿಗ್ಗೆ ಆಸ್ಪತ್ರೆಯವರು ಭಾವನ ಹಣೆಯ ವಿಭೂತಿ ಒರೆಸಿದರು. ಮೈಮೇಲೆ ಏನೂ ಇರಬಾರದೆಂದು ಕೊರಳಲ್ಲಿದ್ದ ಲಿಂಗವನ್ನೂ ತೆಗೆಸಿದರು. ಅಕ್ಕ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಭಾವನ ಕೈ ಮತ್ತೆ ಮತ್ತೆ ಎದೆಯ ಮೇಲೆ ಹೋಗಿ ಅದನ್ನು ತಡಕುತ್ತಿತ್ತು. ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು, ಈಗೆಲ್ಲ ಇದು ಮಾಮೂಲಿ, ಏನೂ ಆಗಲ್ಲ, ನಾಳೆ ಎದ್ದು ಕಾಫಿ ಕುಡೀತೀರಿ ಎಂದು ಹೇಳಿ ಹೋದರು. ಭಾವ ಎಲ್ಲರಿಗೂ ತಲೆಯಾಡಿಸಿದರು.

ಸ್ಟ್ರೆಚರ್ ತಳ್ಳುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದು, "ಭಯ ಆಗ್ತಿದೆ ಕಣಮ್ಮ" ಎಂದರು.

ಏನೂ ಆಗಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡೆ. "ನನಗೂ ಆಗ್ತಿದೆ ಭಾವ" ಎಂದೆ.

ಅವರ ಮುಖ ಸ್ವಲ್ಪ ಸಡಿಲವಾಯಿತು. "ಹಂಗಾದ್ರೆ ಬಾಗಿಲ ತಂಕ ಬಾ" ಎಂದರು.

ಬಾಗಿಲವರೆಗೆ ಕೈ ಹಿಡಿದುಕೊಂಡು ಹೋದೆ. ಅಲ್ಲಿ ನರ್ಸಮ್ಮ ಬಿಡಿಸಿದರು. ಸಂಜೆ ಡಾಕ್ಟರು ಹೊರಗೆ ಬಂದು ಅಕ್ಕನನ್ನು ಕೂರಲು ಹೇಳಿದಾಗಲೇ ನಮಗೆ ತಿಳಿದುಹೋಯಿತು.

ಅವತ್ತು ಅವರಿಗೆ ಸುಳ್ಳು ಹೇಳದೆ ಕಳಿಸಿಕೊಟ್ಟವಳು ನಾನೊಬ್ಬಳೇ. ಅವರ ಋಣದಲ್ಲಿ ನನ್ನಿಂದ ತೀರಿದ್ದು ಅಷ್ಟೇ.